ಬೀರು ಹಿಂದೆ ಕಪ್ಪು ಬೂಷ್ಟು, ಒರೆಸಿದರೂ ವಾಪಸ್ ಬರ್ತಿದೆ (ಇಂಗ್ಲೆಂಡಿನ ಲೀಡ್ಸ್, ಬಾಡಿಗೆ ಮನೆ)

ಹೊಸನಗರದವಳು:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ ಬಂದೆವು. ನಾನು, ಯಜಮಾನರು, ನಾಲ್ಕು ವರ್ಷದ ಮಗ. ಹಳೇ ಇಟ್ಟಿಗೆ ಮನೆ, ಸಾಲಿನಲ್ಲಿ ಕೊನೆಯದು. ಮೊನ್ನೆ ಮಲಗುವ ಕೋಣೆಯ ಬೀರು ಸರಿಸಿದರೆ ಹಿಂದಿನ ಗೋಡೆ ತುಂಬ ಕಪ್ಪು ಚುಕ್ಕಿ. ಸೂರಿನ ಮೂಲೆಯಲ್ಲೂ ಅದೇ. ರೇಷ್ಮೆ ಸೀರೆ ಇಟ್ಟಿದ್ದ ಸೂಟ್‌ಕೇಸ್ ಮುಗ್ಗಲು ವಾಸನೆ ಹೊಡೆಯುತ್ತಿದೆ, ಅದನ್ನು ನೆನೆದರೆ ಅಳು ಬರುತ್ತದೆ.

ಬ್ಲೀಚ್ ಹಾಕಿ ಒರೆಸಿದೆ. ಮೂರು ವಾರಕ್ಕೆ ಮತ್ತೆ ಹಾಜರ್. ಬೆಳಿಗ್ಗೆ ಕಿಟಕಿ ಗಾಜಿನಿಂದ ನೀರು ಇಳಿದು ಕೆಳಗೆ ನಿಂತಿರುತ್ತದೆ. ಹೊರಗೆ ದಿನಾ ಜಿಟಿಜಿಟಿ ಮಳೆ, ಅದಕ್ಕೇ ಒಂದು ಕಿಟಕಿಯನ್ನೂ ತೆಗೆಯುತ್ತಿಲ್ಲ, ಕಿಟಕಿ ಚೌಕಟ್ಟಿನ ಮೇಲಿನ ಸಣ್ಣ ಸೀಳುಗಳಿಗೂ ಟೇಪ್ ಹಚ್ಚಿದ್ದೇನೆ. ಊರಲ್ಲಿ ಮಳೆಗಾಲದಲ್ಲಿ ಹಾಗೇ ಅಲ್ವಾ ಮಾಡೋದು? ಏಜೆಂಟರನ್ನು ಕೇಳಿದರೆ "ನಿಮ್ಮದು ಅಡುಗೆ ಜಾಸ್ತಿ" ಅನ್ನುತ್ತಾರೆ. ಮಗನಿಗೆ ಕೆಮ್ಮು ಬೇರೆ.

ಪಾನಾ_ಪಕ್ಕಡ್:
ಮೊದಲು ಮೂರು ಪ್ರಶ್ನೆ. ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಹೀಟಿಂಗ್ ದಿನಕ್ಕೆ ಎಷ್ಟು ಹೊತ್ತು? ಬಚ್ಚಲ ಫ್ಯಾನ್ ಹಾಕಿ ಅದರ ಜಾಲರಿಗೆ ಒಂದು ಟಿಶ್ಯೂ ಹಿಡಿದು ಕೈ ಬಿಡಿ, ಅಂಟಿಕೊಳ್ಳುತ್ತಾ ಬೀಳುತ್ತಾ?

ಹೊಸನಗರದವಳು:
ಬಟ್ಟೆ ಮಲಗುವ ಕೋಣೆಯ ರೇಡಿಯೇಟರ್ ಮೇಲೆ, ಬೇರೆ ಜಾಗ ಇಲ್ಲ. ಹೀಟಿಂಗ್ ಬೆಳಿಗ್ಗೆ ಒಂದು ಗಂಟೆ, ರಾತ್ರಿ ಎರಡು ಗಂಟೆ, ಬಿಲ್ ನೋಡಿ ಹೆದರಿಕೆ. ಟಿಶ್ಯೂ ಬಿತ್ತು ಸಾರ್. ಫ್ಯಾನ್ ಸದ್ದು ಮಾತ್ರ ವಿಮಾನದ ಥರ.

ಪಾನಾ_ಪಕ್ಕಡ್:
ಹಾಗಾದರೆ ಟೇಪ್ ಇವತ್ತೇ ಕೀಳಿ. ಅದು ಚೌಕಟ್ಟು ಬಿರುಕು ಬಿಟ್ಟಿರೋದಲ್ಲ, ಗಾಳಿ ಆಡಲಿ ಅಂತಲೇ ಬಿಟ್ಟ ಕಂಡಿ.

ನೀವು ಊರಿನ ಲೆಕ್ಕ ಇಲ್ಲಿ ಹಾಕಿದ್ದೀರಿ. ನಾನೂ ಮೊದಲ ವರ್ಷ ಅದನ್ನೇ ಮಾಡಿದ್ದೆ, ಕೊಪ್ಪದವನು ನಾನು. ಜುಲೈನಲ್ಲಿ ನಮ್ಮ ಕಡೆ 25 ಡಿಗ್ರಿಯ ಗಾಳಿ, ತೇವ 90 ಪರ್ಸೆಂಟ್ (ಆ ಬಿಸಿಯಲ್ಲಿ ಗಾಳಿ ಹೊರಬಲ್ಲ ನೀರಿನಲ್ಲಿ ನೂರಕ್ಕೆ 90 ಪಾಲು) ಅಂದರೆ ಒಂದು ಘನ ಮೀಟರ್‌ನಲ್ಲಿ ಸುಮಾರು 20 ಗ್ರಾಂ ನೀರು. ಅದನ್ನು ಒಳಗೆ ಬಿಟ್ಟರೆ ಬೂಷ್ಟು ಗ್ಯಾರಂಟಿ. ಇಲ್ಲಿ 5 ಡಿಗ್ರಿಯ ಗಾಳಿ ಪೂರ್ತಿ ಒದ್ದೆಯಾಗಿದ್ದರೂ 7 ಗ್ರಾಂ ಹೊರೋದೂ ಕಷ್ಟ. ಅದೇ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬಿಸಿಯಾದರೆ ಅದರ ತೇವ 40 ಪರ್ಸೆಂಟಿಗಿಂತ ಕೆಳಗೆ ಇಳಿಯುತ್ತದೆ. ಹೊರಗೆ ಮಳೆ ಹುಯ್ಯುತ್ತಿದ್ದರೂ ಚಳಿಗಾಲದ ಗಾಳಿ ನಿಮ್ಮ ಮನೆಯ ಪಾಲಿಗೆ ಒಣ ಗಾಳಿ. ನಂಬೋದು ಕಷ್ಟ, ಗೊತ್ತು.

ಒದ್ದೆ ಇರೋದು ಒಳಗೆ. ಮೂರು ಜನರ ಉಸಿರು, ಸ್ನಾನ, ಕುಕ್ಕರ್ ಸೀಟಿ, ಇಡ್ಲಿ ಪಾತ್ರೆ, ಎಲ್ಲಕ್ಕಿಂತ ಜಾಸ್ತಿ ಬಟ್ಟೆ. ಒಂದು ಮಷಿನ್ ಬಟ್ಟೆಯಿಂದ ಹೆಚ್ಚುಕಡಿಮೆ ಎರಡು ಲೀಟರ್ ನೀರು ಗಾಳಿಗೆ ಸೇರುತ್ತದೆ, ಅದೂ ನೀವು ಬಾಗಿಲು ಹಾಕಿಕೊಂಡು ಮಲಗುವ ಕೋಣೆಯಲ್ಲಿ. ಕೋಣೆ 20 ಡಿಗ್ರಿ, ತೇವ 70 ಇದ್ದರೆ 14 ಡಿಗ್ರಿಗಿಂತ ತಣ್ಣಗಿರುವ ಜಾಗದಲ್ಲೆಲ್ಲ ನೀರು ಕೂರುತ್ತದೆ. ಆ ಜಾಗ ಅಂದರೆ ಗಾಜು, ಮೂಲೆ, ಬೀರು ಹಿಂದಿನ ಹೊರಗೋಡೆ. ಹಳೇ ಮನೆಗಳಿಗೆ ಸಾಮಾನ್ಯವಾಗಿ ಗಟ್ಟಿ ಇಟ್ಟಿಗೆ ಗೋಡೆ, ನಡುವೆ ಟೊಳ್ಳು ಇರುವುದಿಲ್ಲ, ಹಾಗಾಗಿ ತುಂಬ ತಣ್ಣಗೆ.

ಮಾಡಬೇಕಾದ್ದು: ಬೆಳಿಗ್ಗೆ ಸಂಜೆ ಎದುರುಬದುರು ಕಿಟಕಿ ಪೂರ್ತಿ ತೆಗೆದು ಹತ್ತು ನಿಮಿಷ, ಆಮೇಲೆ ಮುಚ್ಚಿ. ದಿನವಿಡೀ ಅರ್ಧ ತೆಗೆದಿಟ್ಟರೆ ಗೋಡೆ ತಣ್ಣಗಾಗುತ್ತದೆ, ಅದು ಬೇಡ. ಬೀರು ಹೊರಗೋಡೆಯಿಂದ ಬೇರೆ ಕಡೆ, ಆಗದಿದ್ದರೆ ಒಂದು ಗೇಣಾದರೂ ಮುಂದಕ್ಕೆ. ಬಟ್ಟೆ ಬಚ್ಚಲಲ್ಲಿ, ಬಾಗಿಲು ಹಾಕಿ, ಕಿಟಕಿ ತೆಗೆದು. ಟಿಶ್ಯೂ ಬಿತ್ತು ಅಂದರೆ ಫ್ಯಾನ್ ಗಾಳಿ ಎಳೆಯುತ್ತಿಲ್ಲ, ಅದರ ರಿಪೇರಿಗೆ ಏಜೆಂಟರಿಗೆ ಫೋನ್ ಮಾಡಬೇಡಿ, ಫೋಟೋ ಸಮೇತ ಮೇಲ್ ಹಾಕಿ. ಹೀಟಿಂಗ್ ಮೂರು ಗಂಟೆ ಜೋರು ಮಾಡೋ ಬದಲು ಕಡಿಮೆಯಲ್ಲಿಟ್ಟು ಜಾಸ್ತಿ ಹೊತ್ತು ಬಿಡಿ, ಗೋಡೆ ಬೆಚ್ಚಗಾಗಬೇಕು, ಗಾಳಿಯಲ್ಲ.

ಚಕ್ಕುಲಿ_ಅಕ್ಕ:
ಒಂದು ಎಚ್ಚರಿಕೆ. ಬ್ಲೀಚ್ ಜೊತೆ ವಿನೆಗರ್ ಸೇರಿಸಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ. ನಮ್ಮ ಪಕ್ಕದ ಮನೆಯವರು ವಿಡಿಯೋ ನೋಡಿ ಎರಡನ್ನೂ ಸುರಿದು ಬಚ್ಚಲಿಂದ ಓಡಿ ಬಂದಿದ್ದರು. ಒಣ ಬ್ರಶ್‌ನಲ್ಲಿ ಉಜ್ಜಲೂಬೇಡಿ, ಬೀಜಕಣ ಮನೆಯೆಲ್ಲ ಹಾರುತ್ತವೆ. ಮಾಸ್ಕು, ಕೈಗವಸು ಹಾಕಿ, ಮಗುವನ್ನು ಬೇರೆ ಕೋಣೆಯಲ್ಲಿಟ್ಟು, ಬೂಷ್ಟು ಕೊಲ್ಲುವ ದ್ರಾವಣದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಎಸೆಯಿರಿ. ಕೆಮ್ಮನ್ನು ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಬೂಷ್ಟು ಇದೆ ಅಂತ ಬಾಯಿಬಿಟ್ಟು ಹೇಳಿ.

"ಅಡುಗೆ ಜಾಸ್ತಿ" ಅಂದರೆ ಸುಮ್ನೆ ಕೂರಬೇಡಿ. 2020ರಲ್ಲಿ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಅಂತ ಎರಡು ವರ್ಷದ ಮಗು ಮನೆಯ ಬೂಷ್ಟಿನಿಂದಲೇ ತೀರಿಕೊಂಡಿತು. ಆಮೇಲೆ ಅವನ ಹೆಸರಲ್ಲೇ ಕಾನೂನು ಬಂತು. ಈಗ ಅದು ಸರ್ಕಾರಿ, ಸಂಘಸಂಸ್ಥೆಗಳ ಬಾಡಿಗೆ ಮನೆಗಳಿಗೆ. ಆದರೆ ಖಾಸಗಿ ಮನೆಗೂ ವಾಸಯೋಗ್ಯವಾಗಿರಬೇಕು ಅನ್ನೋ 2018ರ ಕಾಯ್ದೆ ಇದೆ, ಕೌನ್ಸಿಲ್‌ಗೆ ದೂರು ಕೊಡಬಹುದು.

ಹೊಸನಗರದವಳು:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ತೇವ ಅಳೆಯುವ ಪುಟ್ಟ ಮೀಟರ್ ತಂದೆ. ಮೊದಲ ದಿನ 78, ಈಗ 55ರ ಹತ್ತಿರ. ಹೊರಗೆ ಮಳೆ ಬರುತ್ತಿರುವಾಗ ಕಿಟಕಿ ತೆಗೆದೆ, ಕಣ್ಣೆದುರೇ ಅಂಕಿ ಇಳಿಯಿತು! ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ "ಮೊದಲು ಮಗನಿಗೆ ಟೋಪಿ ಹಾಕು" ಅಂದರು. ಮಗನ ಕೆಮ್ಮು ಡಾಕ್ಟರಿಗೆ ತೋರಿಸಿದೆವು, ವಾಸಿ. ಬೀರು ಹಿಂದೆ ಸ್ವಚ್ಛ.

ಆದರೆ ಸೂರಿನ ಮೂಲೆಯ ಕಲೆ ಮಾತ್ರ ಹೋಗಿಲ್ಲ. ಅಂಚು ಕಂದು ಬಣ್ಣ, ಜೋರು ಮಳೆ ಬಂದ ಮಾರನೇ ದಿನ ದೊಡ್ಡದಾಗುತ್ತದೆ. ತೇವ ಹೀರುವ ಯಂತ್ರ, ಡೀಹ್ಯುಮಿಡಿಫೈಯರ್ ತರಲಾ?

ಪಾನಾ_ಪಕ್ಕಡ್:
ಅದಕ್ಕೆ ಬೇಡ, ದುಡ್ಡು ಉಳಿಸಿ. ಅಡುಗೆಯ ಫಾಯಿಲ್ ಒಂದು ತುಂಡು ಆ ಕಲೆ ಮೇಲಿಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಕೋಣೆ ಕಡೆಯ ಮೈ ಒದ್ದೆಯಾದರೆ ನಿಮ್ಮ ಮನೆಯ ಆವಿ. ಗೋಡೆ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯಿಂದ ಬರುತ್ತಿದೆ. ನೀವು ಹೇಳೋದು ನೋಡಿದರೆ ಎರಡನೆಯದೇ.

ಹೊಸನಗರದವಳು:
ಗೋಡೆ ಕಡೆಯೇ ಒದ್ದೆ! ಯಜಮಾನರು ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ನಿಂತು ನೋಡಿದರು. ಸೂರಂಚಿನ ಗಟರ್‌ನಲ್ಲಿ, ಅದೇ ನಮ್ಮ ಕಡೆಯ ದಂಬೆ ಥರದ್ದು, ಎಲೆ ತುಂಬಿ ನೀರು ತುಳುಕಿ ನೇರ ನಮ್ಮ ಗೋಡೆ ಮೇಲೆ ಸುರಿಯುತ್ತಿದೆ. ಫಾಯಿಲ್ ಫೋಟೋ, ಗಟರ್ ವಿಡಿಯೋ ಎರಡನ್ನೂ ಏಜೆಂಟರಿಗೆ ಮೇಲ್ ಮಾಡಿದೆ. ಈ ಸಲ ಅಡುಗೆ ಸುದ್ದಿ ಎತ್ತಲಿಲ್ಲ. ಗುರುವಾರ ಏಣಿ ತರುತ್ತಾರಂತೆ.