ಶೆಲ್ ಸ್ಕ್ರಿಪ್ಟ್‌ನ ಸ್ಟ್ರಿಕ್ಟ್ ಮೋಡ್ ಮತ್ತು ಡೀಬಗ್: ಬಲ್ಲವರು ಅನುಭವ ತಿಳಿಸಿ

ಪ್ರಶ್ನೆ, ಹುಬ್ಬಳ್ಳಿಯಿಂದ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ದಿನದ ಲೆಕ್ಕವನ್ನು ರಾತ್ರಿ ಬ್ಯಾಕಪ್ ಮಾಡುವ ಬ್ಯಾಶ್ ಸ್ಕ್ರಿಪ್ಟ್ ನನ್ನ ಉಸ್ತುವಾರಿಯಲ್ಲಿದೆ. ಆರಂಭದಲ್ಲಿಯೇ ‘ಸೆಟ್’ ಆಜ್ಞೆಯಿಂದ ಇ (ಆಜ್ಞೆ ವಿಫಲವಾದರೆ ಸ್ಕ್ರಿಪ್ಟ್ ನಿಲ್ಲಿಸುವುದು), ಯು (ಬೆಲೆ ಕೊಡದ ವೇರಿಯೇಬಲ್ ಬಳಸಿದರೆ ದೋಷವೆನ್ನುವುದು) ಮತ್ತು ಪೈಪ್‌ಫೇಲ್ (ಒಂದರ ಫಲಿತಾಂಶ ಇನ್ನೊಂದಕ್ಕೆ ಹೋಗುವಂತೆ ಪೈಪ್‌ನಿಂದ ಜೋಡಿಸಿದ ಆಜ್ಞೆಗಳಲ್ಲಿ ಯಾವುದು ವಿಫಲವಾದರೂ ಇಡೀ ಸಾಲನ್ನೇ ವಿಫಲವೆನ್ನುವುದು) ಮೂರನ್ನೂ ಹಾಕಿದ್ದೇವೆ; ಇದನ್ನೇ ಸ್ಟ್ರಿಕ್ಟ್ ಮೋಡ್ ಎನ್ನುತ್ತಾರೆ. ಮಾರುಕಟ್ಟೆ ಇಲ್ಲದ ದಿನ ಅದು ಯಾವ ಸಂದೇಶವನ್ನೂ ಕೊಡದೆ ನಡುವೆಯೇ ನಿಲ್ಲುತ್ತದೆ. ನಡೆಯುವ ಪ್ರತಿ ಆಜ್ಞೆಯನ್ನೂ ಅಚ್ಚುಮಾಡಿ ತೋರಿಸುವ ಎಕ್ಸ್ ಹಾಕಿ ನೋಡೋಣವೆಂದರೆ ಲಾಗ್ ಓದಲಾಗದಷ್ಟು ಬೆಳೆಯುತ್ತದೆ. ಇವನ್ನು ಎಲ್ಲಿ ಹಾಕಬೇಕು, ಎಲ್ಲಿ ತೆಗೆಯಬೇಕು?

ಧಾರವಾಡದಿಂದ: ನೀವು ದಿನದ ನಮೂದುಗಳನ್ನು ಗ್ರೆಪ್‌ನಿಂದ (ಫೈಲ್‌ನಲ್ಲಿ ಪದ ಹುಡುಕುವ ಆಜ್ಞೆ) ಆರಿಸುತ್ತಿದ್ದರೆ ಕಾರಣ ಬಹುಶಃ ಅಲ್ಲಿಯೇ ಇದೆ. ಹುಡುಕಿದ್ದು ಸಿಗದಿದ್ದರೆ ಗ್ರೆಪ್ 1 ಎಂಬ ನಿರ್ಗಮನ ಸಂಖ್ಯೆಯನ್ನೂ (ಆಜ್ಞೆ ಮುಗಿದಾಗ ಫಲಿತಾಂಶ ತಿಳಿಸುವ ಸಂಖ್ಯೆ, ಸೊನ್ನೆಯೆಂದರೆ ಯಶಸ್ಸು), ಫೈಲೇ ಇಲ್ಲದಂತಹ ನಿಜವಾದ ದೋಷವಿದ್ದರೆ 2 ಎಂಬುದನ್ನೂ ಕೊಡುತ್ತದೆ. ಆದರೆ ‘ಸೆಟ್ ಮೈನಸ್ ಇ’ಗೆ ಈ ಎರಡರ ನಡುವೆ ಭೇದವಿಲ್ಲ, ಸೊನ್ನೆಯಲ್ಲದ್ದೆಲ್ಲವೂ ಅದಕ್ಕೆ ವಿಫಲತೆಯೇ. ವಹಿವಾಟು ನಡೆಯದ ದಿನ ನಮೂದು ಇರದಿರುವುದು ಸಹಜವಾದರೂ ಸ್ಕ್ರಿಪ್ಟ್ ನಿಲ್ಲುತ್ತದೆ. ಇದಕ್ಕೆ ಅನೇಕರು ಸಾಲಿನ ಕೊನೆಗೆ ‘ಅಥವಾ ಟ್ರೂ’ (|| true) ಎಂದು ಸೇರಿಸಿ ಮುಗಿಸುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಅದು 2ನ್ನೂ ನುಂಗಿಬಿಡುತ್ತದೆ. ಗ್ರೆಪ್ ಅನ್ನು ಪೈಪ್‌ನಿಂದ ಹೊರತೆಗೆದು ಪ್ರತ್ಯೇಕ ಸಾಲಿನಲ್ಲಿಟ್ಟು, ‘ಅಥವಾ’ದ ನಂತರ ನಿರ್ಗಮನ ಸಂಖ್ಯೆಯನ್ನು ಒಂದು ವೇರಿಯೇಬಲ್‌ನಲ್ಲಿ ಹಿಡಿದಿಟ್ಟುಕೊಂಡು, ಅದು 1ಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಸ್ಕ್ರಿಪ್ಟ್ ನಿಲ್ಲಿಸಿ.

ಗದಗದಿಂದ: ಮೇಲಿನ ಸಲಹೆ ಸರಿಯಾಗಿದೆ. ನನಗೆ ಇದಕ್ಕಿಂತ ಆತಂಕದ್ದೆನಿಸುವುದು ನಿಲ್ಲಬೇಕಾದಲ್ಲಿ ನಿಲ್ಲದಿರುವುದು. ಡೇಟಾಬೇಸ್ ಡಂಪ್ (ಅದರ ಮಾಹಿತಿಯ ಪ್ರತಿ) ತೆಗೆದು, ನಂತರ ಹಳೆಯ ಪ್ರತಿಯನ್ನು ಅಳಿಸುವ ಒಂದು ಫಂಕ್ಷನ್ ಇದೆಯೆಂದುಕೊಳ್ಳಿ. ಅದನ್ನು ‘ಇಫ್’ನ ಷರತ್ತಾಗಿ ಕರೆದರೆ, ಆ ಫಂಕ್ಷನ್‌ನ ಒಳಗೆಲ್ಲ ಇ ನಿಷ್ಕ್ರಿಯವಾಗುತ್ತದೆ, ಒಳಗೆ ಮತ್ತೊಮ್ಮೆ ಹಾಕಿದರೂ ಪ್ರಯೋಜನವಿಲ್ಲ. ಡಂಪ್ ವಿಫಲವಾಗುತ್ತದೆ, ಮುಂದಿನ ಸಾಲು ಇದ್ದ ಒಂದೇ ಒಳ್ಳೆಯ ಪ್ರತಿಯನ್ನೂ ಅಳಿಸುತ್ತದೆ. ಆದ್ದರಿಂದ ಅಳಿಸುವ ಆಜ್ಞೆಗೆ ಮುಂಚಿನ ಪ್ರತಿ ಸಾಲಿಗೂ ‘ಅಥವಾ ರಿಟರ್ನ್ 1’ ಎಂದು ಬರೆಯಿರಿ, ಇ ಇದೆಯೆಂದು ನೆಚ್ಚಿಕೊಳ್ಳಬೇಡಿ. ‘ಲೋಕಲ್’ (ಫಂಕ್ಷನ್‌ನ ಒಳಗಷ್ಟೇ ಇರುವ ವೇರಿಯೇಬಲ್‌ನ) ಘೋಷಣೆ ಮತ್ತು ಆಜ್ಞೆಯ ಫಲಿತಾಂಶವನ್ನು ಒಂದೇ ಸಾಲಿನಲ್ಲಿ ಬರೆದಾಗಲೂ ಆಜ್ಞೆಯ ವಿಫಲತೆ ಮರೆಯಾಗುತ್ತದೆ; ಅವನ್ನು ಎರಡು ಸಾಲು ಮಾಡಿ.

ಹಾವೇರಿಯಿಂದ: ಡೀಬಗ್ ಬಗ್ಗೆ ಹೇಳುತ್ತೇನೆ. ಎಕ್ಸ್ ಅನ್ನು ಇಡೀ ಸ್ಕ್ರಿಪ್ಟ್‌ಗೆ ಹಾಕದೆ, ಅನುಮಾನವಿರುವ ಫಂಕ್ಷನ್‌ಗೆ ಮಾತ್ರ ಹಾಕಿ. ಬ್ಯಾಶ್ 4.4ರಿಂದ ಫಂಕ್ಷನ್‌ನ ಆರಂಭದಲ್ಲಿ ‘ಲೋಕಲ್’ ಎಂದು ಬರೆದು ಮುಂದೆ ಬರೀ ಒಂದು ಹೈಫನ್ ಇಟ್ಟರೆ, ಒಳಗೆ ಬದಲಿಸಿದ ಸೆಟ್ಟಿಂಗ್‌ಗಳು ಹೊರಬರುವಾಗ ತಾವಾಗಿಯೇ ಮೊದಲಿನ ಸ್ಥಿತಿಗೆ ಮರಳುತ್ತವೆ. ಕೊನೆಯಲ್ಲಿ ಎಕ್ಸ್ ತೆಗೆಯಲು ‘ಪ್ಲಸ್ ಎಕ್ಸ್’ ಬರೆಯುವ ರೂಢಿಗಿಂತ ಇದು ಮೇಲು, ಏಕೆಂದರೆ ಕರೆದವರು ಮೊದಲೇ ಎಕ್ಸ್ ಹಾಕಿಕೊಂಡಿದ್ದರೆ ಅದನ್ನು ಕೆಡಿಸುವುದಿಲ್ಲ. ಎಕ್ಸ್ ಅಚ್ಚುಮಾಡುವ ಪ್ರತಿ ಸಾಲಿನ ಮುಂದೆ ಬರುವ ಪಿಎಸ್4 ವೇರಿಯೇಬಲ್‌ಗೆ ಲೈನ್ ಸಂಖ್ಯೆಯನ್ನು ಸೇರಿಸಿದರೆ ಪ್ರತಿ ಸಾಲು ಎಲ್ಲಿಯದೆಂದು ತಿಳಿಯುತ್ತದೆ. ಬ್ಯಾಶ್ 4.1ರಿಂದ ಬಂದ ಬ್ಯಾಶ್_ಎಕ್ಸ್‌ಟ್ರೇಸ್‌ಎಫ್‌ಡಿ ವೇರಿಯೇಬಲ್ ಬಳಸಿ ಎಕ್ಸ್ ಕೊಡುವ ಈ ಟ್ರೇಸ್ ಅನ್ನು ಪ್ರತ್ಯೇಕ ಫೈಲ್‌ಗೆ ಕಳುಹಿಸಬಹುದು. ಪಾಸ್‌ವರ್ಡ್ ಬಳಸುವ ಸಾಲುಗಳಲ್ಲಿ ಮಾತ್ರ ಎಕ್ಸ್ ಖಂಡಿತ ಬೇಡ. ವೇರಿಯೇಬಲ್‌ನ ಬೆಲೆ ಬಿಡಿಸಿಯೇ ಲಾಗ್‌ನಲ್ಲಿ ಅಚ್ಚಾಗುತ್ತದೆ.

ಹುಬ್ಬಳ್ಳಿಯಿಂದ, ಇನ್ನೊಬ್ಬರು: ಈ ಸೆಟ್ಟಿಂಗ್‌ಗಳನ್ನು ಶೆಬ್ಯಾಂಗ್ ಸಾಲಿನಲ್ಲಿ (‘#!’ ಇಂದ ಆರಂಭವಾಗುವ ಮೊದಲ ಸಾಲು) ಇಟ್ಟಿದ್ದರೆ ಕೆಳಗಿಳಿಸಿ. ನಿಗದಿತ ಸಮಯಕ್ಕೆ ಸ್ಕ್ರಿಪ್ಟ್ ಓಡಿಸುವ ಕ್ರಾನ್‌ನಲ್ಲಿ ‘ಬ್ಯಾಶ್’ ಎಂದು ಬರೆದು ಮುಂದೆ ಫೈಲ್‌ನ ಹೆಸರು ಕೊಟ್ಟಿದ್ದರೆ ಶೆಬ್ಯಾಂಗ್ ಸಾಲು ಬರೀ ಕಾಮೆಂಟ್ ಆಗುತ್ತದೆ, ಅದರಲ್ಲಿದ್ದ ಯಾವ ಸೆಟ್ಟಿಂಗೂ ಜಾರಿಗೆ ಬರುವುದಿಲ್ಲ.