ಪದ ಬೇಕು: ಗಾಲ್ಫ್‌ನ ‘ಟೆಂಪ್ಲೇಟ್ ಹೋಲ್’ಗೆ ಕನ್ನಡದಲ್ಲಿ ಏನನ್ನೋಣ?

ಮ್ಯಾಡಿಸನ್‌ನಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆ ಭಾನುವಾರ ಅಚ್ಚಿಗೆ ಹೋಗುತ್ತದೆ. ವಿಸ್ಕಾನ್ಸಿನ್‌ನ ಲೀಡೊ ಗಾಲ್ಫ್ ಮೈದಾನದ ಬಗ್ಗೆ ನಾಲ್ಕು ಪುಟ ಬರೆದಿದ್ದೇನೆ. ಒಂದೇ ಒಂದು ಪದಕ್ಕೆ ಎಲ್ಲ ನಿಂತಿದೆ. ‘ಟೆಂಪ್ಲೇಟ್ ಹೋಲ್’ ಅನ್ನೋದಕ್ಕೆ ಕನ್ನಡದಲ್ಲಿ ಏನು ಹೇಳಬಹುದು?

ಆಟ ಗೊತ್ತಿಲ್ಲದವರಿಗೆ ಹಿನ್ನೆಲೆ. ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಅಂತ ಒಬ್ಬರಿದ್ದರು. 1872ರಲ್ಲಿ ಹುಡುಗನಾಗಿದ್ದಾಗ ಓದೋಕೆ ಅಂತ ಅಮೆರಿಕದಿಂದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಹೋದವರು ಅಲ್ಲಿ ಈ ಆಟ ಹಚ್ಚಿಕೊಂಡರು. ದೊಡ್ಡವರಾದ ಮೇಲೆ ಬ್ರಿಟನ್ನಿನ ಹಳೇ ಮೈದಾನಗಳನ್ನು ಸುತ್ತಿ, ಯಾವ ಹೋಲ್ (ಮೈದಾನದ ಹದಿನೆಂಟು ಆಟದ ಭಾಗಗಳಲ್ಲಿ ಒಂದೊಂದೂ ಒಂದು ಹೋಲ್) ಚೆನ್ನಾಗಿದೆ, ಯಾಕೆ ಚೆನ್ನಾಗಿದೆ ಅಂತ ಅಳೆದು ಬರೆದುಕೊಂಡು ಬಂದು, ನ್ಯೂಯಾರ್ಕ್‌ನ ಲಾಂಗ್ ಐಲೆಂಡಿನಲ್ಲಿ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಕಟ್ಟಿದರು. 1911ರಲ್ಲಿ ಅದು ವಿಧ್ಯುಕ್ತವಾಗಿ ಶುರುವಾಯಿತು. ಆಮೇಲೆ ಅವರೂ, ಅವರ ಜೊತೆಗಾರ ಸೇತ್ ರೇನರ್ ಅನ್ನುವ ಎಂಜಿನಿಯರೂ ಹೋದಲ್ಲೆಲ್ಲ ಅವೇ ಹೋಲ್‌ಗಳನ್ನು ಹೊಸ ನೆಲಕ್ಕೆ ಹೊಂದಿಸಿ ಮತ್ತೆ ಮತ್ತೆ ಕಟ್ಟಿದರು. ಇವನ್ನೇ ಟೆಂಪ್ಲೇಟ್ ಹೋಲ್ ಅನ್ನೋದು. ಒಂದೊಂದಕ್ಕೂ ಹೆಸರಿದೆ: ರೆಡಾನ್, ಆಲ್ಪ್ಸ್, ಈಡನ್, ಬಿಯರಿಟ್ಜ್, ರೋಡ್, ಪಂಚ್‌ಬೋಲ್, ಕೇಪ್. ಇವತ್ತಿಗೂ ಹೊಸ ಮೈದಾನ ಮಾಡುವವರು ಈ ಹೆಸರುಗಳಲ್ಲೇ ಮಾತಾಡುತ್ತಾರೆ.

ನಾನು ‘ಪಡಿಯಚ್ಚು’ ಅಂತ ಬರೆದಿದ್ದೆ. ಸಂಪಾದಕರು ‘ಮಾದರಿ ಕುಳಿ’ ಅಂತ ತಿದ್ದಿದ್ದಾರೆ. ಅದನ್ನು ಓದಿದರೆ ಮಾದರಿ ಗ್ರಾಮ, ಮಾದರಿ ಶಾಲೆ ನೆನಪಾಗುತ್ತದೆ, ಅಲ್ವಾ? ಉಳಿದ ಕುಳಿಗಳೆಲ್ಲ ಇದನ್ನು ನೋಡಿ ಕಲಿಯಬೇಕು ಅನ್ನೋ ಥರ. ನನ್ನ ಪದವೂ ಕೂರುತ್ತಿಲ್ಲ, ಅವರದ್ದೂ ಕೂರುತ್ತಿಲ್ಲ.

ಮೈಸೂರಿನಿಂದ:

ಟೆಂಪ್ಲೇಟ್ ಆಮೇಲೆ. ಮೊದಲು ‘ಹೋಲ್’ ಬಿಡಿ. ಗುಳಿ ಅನ್ನಿ. ಅಳಗುಳಿಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಆಟದ ಗುಂಡಿಗೆ ನಮ್ಮ ಅಜ್ಜಿಯರ ಕಾಲದಿಂದ ಇರುವ ಹೆಸರು ಅದು. ಹದಿನಾಲ್ಕು ಗುಳಿಗೆ ಆಗುವ ಪದ ಹದಿನೆಂಟಕ್ಕೆ ಯಾಕೆ ಆಗುವುದಿಲ್ಲ? ರೆಡಾನ್ ಅನ್ನೂ ಹಾಗೇ ಬಿಡಬೇಡಿ. ಅದು ಕೋಟೆಯ ಪದ. ಕೊತ್ತಲ ಅನ್ನಿ. ಕೇಪ್ ಅಂದರೆ ಭೂಶಿರ ಅಂತ ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಪಂಚ್‌ಬೋಲ್ ಅಂದರೆ ಬೋಗುಣಿ. ಎಲ್ಲಕ್ಕೂ ಪದ ಇದೆ. ನಾವು ಹುಡುಕುವುದಿಲ್ಲ, ಅಷ್ಟೇ.

ಬೆಂಗಳೂರಿನಿಂದ:

ಸಾರ್, ನಾನು ಬೆಂಗಳೂರಿನ ಹಳೇ ಗಾಲ್ಫ್ ಮೈದಾನದ ಹತ್ತಿರವೇ ಬೆಳೆದವನು. 1876ರಿಂದ ಇರುವ ಕ್ಲಬ್ ಅದು. ಅಲ್ಲಿ ಕನ್ನಡ, ತಮಿಳು, ಉರ್ದು ಏನೇ ಮಾತಾಡಲಿ, ಹೋಲ್ ಅನ್ನೋದು ಹೋಲೇ. ಗುಳಿ ಅಂದವರನ್ನು ನಾನು ಕಂಡಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಗಾಲ್ಫ್‌ನಲ್ಲಿ ಹೋಲ್‌ಗೆ ಎರಡು ಅರ್ಥ. ಒಂದು, ಚೆಂಡು ಬೀಳುವ ನಾಲ್ಕೂಕಾಲು ಇಂಚಿನ ತೂತು. ಇನ್ನೊಂದು, ಮೊದಲ ಹೊಡೆತ ಹೊಡೆಯುವ ಟೀಯಿಂದ ತೂತಿರುವ ನುಣ್ಣನೆ ಹುಲ್ಲಿನ ಗ್ರೀನ್‌ವರೆಗಿನ ಪೂರ್ತಿ ನೆಲ, 400 ಗಜ ಇರಬಹುದು, ಜಾಸ್ತಿಯೂ ಇರಬಹುದು. ಇಲ್ಲಿ ಚರ್ಚೆಯಾಗುತ್ತಿರುವುದು ಎರಡನೆಯದು. ‘400 ಗಜದ ಗುಳಿ’ ಅಂತ ಬರೆದರೆ ಓದುವವರು ಏನಂತ ಕಲ್ಪಿಸಿಕೊಳ್ಳಬೇಕು? ಆ 400 ಗಜದ ಒಳಗೆ ಮರಳು ತುಂಬಿದ ಬಂಕರ್‌ಗಳು ಬೇರೆ ಇರುತ್ತವೆ, ಅವು ನಿಜವಾದ ಗುಳಿಗಳು. ಗುಳಿಯೊಳಗೆ ಗುಳಿ, ಕೊನೆಗೆ ಇನ್ನೊಂದು ಗುಳಿ. ವಾಕ್ಯ ಹೇಗೆ ಬರೆಯುತ್ತೀರಿ?

ಕ್ರಿಕೆಟ್ ನೋಡಿ. ‘ವಿಕೆಟ್’ಗೆ ಇಂಗ್ಲಿಷ್‌ನಲ್ಲಿ ಇರುವ ಅರ್ಥಗಳನ್ನೆಲ್ಲ ನಾವು ಪದದ ಜೊತೆಗೇ ತಂದುಕೊಂಡೆವು. ವಿಕೆಟ್ ಬಿತ್ತು ಅನ್ನುತ್ತೇವೆ, ವಿಕೆಟ್ ಕೀಪರ್ ಅನ್ನುತ್ತೇವೆ, ವಿಕೆಟ್ ಒದ್ದೆಯಾಗಿದೆ ಅಂತಲೂ ಅನ್ನುತ್ತೇವೆ. ಯಾರಿಗೂ ಗೊಂದಲ ಆಗಿಲ್ಲ. ಹೋಲ್ ಕೂಡ ಹಾಗೇ ಇರಲಿ.

ಶಿವಮೊಗ್ಗದಿಂದ:

ನನ್ನದೊಂದು ಸಲಹೆ, ಯಾರೂ ಯೋಚಿಸಿದ ಹಾಗಿಲ್ಲ. ‘ಹೋಳು’! ಮಾವಿನಕಾಯಿ ಹೋಳು, ಕುಂಬಳಕಾಯಿ ಹೋಳು. ಮೈದಾನವನ್ನು ಹದಿನೆಂಟು ಹೋಳು ಮಾಡಿದ್ದಾರೆ, ಒಂದೊಂದು ಹೋಳಿನಲ್ಲಿ ಒಂದೊಂದು ಆಟ. ಅರ್ಥ ಕೂರುತ್ತದೆ, ಕಿವಿಗೂ ಇಂಗ್ಲಿಷ್ ಪದದ ಹತ್ತಿರವೇ ಇದೆ. ತೂತಿಗೆ ಗುಳಿ, ನೆಲಕ್ಕೆ ಹೋಳು ಅಂದರೆ ಎರಡು ಅರ್ಥದ ತಾಪತ್ರಯವೂ ತಪ್ಪುತ್ತದೆ. ಎರಡಕ್ಕೂ ಮೂಲದಲ್ಲಿ ಏನೋ ನಂಟು ಇರಬೇಕು ಅಂತ ನನ್ನ ಅನುಮಾನ.

ಧಾರವಾಡದಿಂದ:

> ಎರಡಕ್ಕೂ ಮೂಲದಲ್ಲಿ ಏನೋ ನಂಟು ಇರಬೇಕು

ಇಲ್ಲ. ಉಚ್ಚಾರ ಹತ್ತಿರ ಇದೆ ಅಂತ ನಂಟಸ್ತಿಕೆ ಕಟ್ಟೋದು ನಿರುಕ್ತಿ ಅಲ್ಲ. ಲ ಬೇರೆ, ಳ ಬೇರೆ.

ಮೂಲ ಪ್ರಶ್ನೆಗೆ ಬರೋಣ. ‘ಅಚ್ಚು’ ಅನ್ನಿ, ಸಾಕು. ‘ಪಡಿ’ ಬೇಡ. ನಾನು ಮುದ್ರಣದ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು, ಟೆಂಪ್ಲೇಟ್ ಅಂದರೆ ಅಚ್ಚೇ ನೋಡ್ರಿ. ರೆಡಾನ್ ಅಚ್ಚು, ಆಲ್ಪ್ಸ್ ಅಚ್ಚು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮನೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಮ್ಯಾಡಿಸನ್‌ನಿಂದ:

ಎಲ್ಲರಿಗೂ ಧನ್ಯವಾದ. ಹೋಲ್ ಅನ್ನು ಹಾಗೇ ಬಿಡುತ್ತೇನೆ. ಬೆಂಗಳೂರಿನವರ ವಿಕೆಟ್ ಉದಾಹರಣೆ ನನಗೆ ಸರಿ ಕಂಡಿತು. ಅಚ್ಚಿನ ಬಗ್ಗೆ ಮಾತ್ರ ತಕರಾರಿದೆ, ಕೇಳಿ.

ಸಕ್ಕರೆ ಅಚ್ಚಿನ ಮರದ ಮಣೆಯಲ್ಲಿ ಗಿಳಿ ಕೊರೆದಿದ್ದರೆ ನೂರು ಸಲ ಹೊಯ್ದರೂ ಅದೇ ಗಿಳಿ, ಅದೇ ಅಳತೆ. ಈ ಹೋಲ್‌ಗಳು ಹಾಗಲ್ಲ. ರೆಡಾನ್ ಅನ್ನೇ ತಗೊಳ್ಳಿ. ಮೂಲ ಇರುವುದು ಸ್ಕಾಟ್ಲೆಂಡಿನ ನಾರ್ತ್ ಬೆರಿಕ್‌ನಲ್ಲಿ, ವೆಸ್ಟ್ ಲಿಂಕ್ಸ್‌ನ 15ನೇ ಹೋಲ್, ಸುಮಾರು 190 ಗಜ. ಗ್ರೀನ್ ನಮಗೆ ನೇರವಾಗಿ ಕೂತಿಲ್ಲ. ಬಲಗಡೆ ಮುಂದಿನಿಂದ ಎಡಗಡೆ ಹಿಂದಕ್ಕೆ ಓರೆಯಾಗಿ ಮಲಗಿದೆ, ಇಳಿಜಾರೂ ಆ ಕಡೆಗೇ. ಎಡಕ್ಕೆ ಆಳವಾದ ಬಂಕರ್ ಕಾದು ಕೂತಿದೆ. ಬಾವುಟಕ್ಕೆ ನೇರ ಹೊಡೆದರೆ ಬಂಕರ್ ಮೇಲೆ ಹಾರಿಸಬೇಕು, ಬಿದ್ದ ಚೆಂಡು ನಿಲ್ಲುವುದೂ ಕಷ್ಟ. ಗೊತ್ತಿರುವವರು ಬಲಗಡೆಯ ದಿಬ್ಬಕ್ಕೆ ಹೊಡೆದು ಮಿಕ್ಕಿದ್ದನ್ನು ನೆಲಕ್ಕೆ ಬಿಡುತ್ತಾರೆ. ಲೀಡೊದಲ್ಲಿ ನಾನು ಇದನ್ನು ಪಕ್ಕದಲ್ಲೇ ನಿಂತು ನೋಡಿದೆ. ಚೆಂಡು ದಿಬ್ಬದ ಮೇಲೆ ಬಿದ್ದು ಒಂದು ಗಳಿಗೆ ನಿಂತ ಹಾಗಾಯಿತು. ಆಮೇಲೆ ಮೊರ ಓರೆ ಮಾಡಿದಾಗ ಕಾಳು ಒಂದು ಮೂಲೆಗೆ ಜಾರುತ್ತದಲ್ಲ, ಹಾಗೆ ನಿಧಾನಕ್ಕೆ ಎಡಕ್ಕೆ ತಿರುಗಿ ಉರುಳುತ್ತಾ ಹೋಯಿತು. ಹೊಡೆದವರು ಕೋಲು ಕೆಳಗಿಟ್ಟು ಸುಮ್ನೆ ನೋಡುತ್ತಾ ನಿಂತಿದ್ದರು.

ಈ ಓರೆ, ಈ ಇಳಿಜಾರು, ಈ ಬಂಕರ್ ಇದ್ದರೆ ರೆಡಾನ್. ಉದ್ದ ಹೆಚ್ಚು ಕಡಿಮೆ ಇರಬಹುದು. ಗುಡ್ಡದ ಮೇಲಿರಬಹುದು, ಬಯಲಲ್ಲಿರಬಹುದು. ಎಡ ಬಲ ಅದಲುಬದಲಾದ ರೆಡಾನ್‌ಗಳೂ ಇವೆ, ಅವೂ ರೆಡಾನ್‌ಗಳೇ. ಅಚ್ಚಿನಲ್ಲಿ ಹೊಯ್ದದ್ದು ಎಡ ಬಲ ಅದಲುಬದಲಾಗುತ್ತದೆಯೇ?

ಧಾರವಾಡದಿಂದ:

ಆಗುತ್ತದೆ. ಅಚ್ಚಿನ ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ, ಕಾಗದದ ಮೇಲೆ ಸರಿಯಾಗಿ ಬೀಳುತ್ತದೆ. ಮೊಳೆ ಜೋಡಿಸಿದವರನ್ನು ಕೇಳಿ. ಆದರೆ ಅಳತೆಯ ಮಾತು ಒಪ್ಪುತ್ತೇನೆ.

ಉಡುಪಿಯಿಂದ:

ನಮ್ಮಲ್ಲಿ ಇದಕ್ಕೆ ಪದ ಇದೆ ಮಾರಾಯ್ರೇ. ‘ಮಟ್ಟು’.

ಯಕ್ಷಗಾನದಲ್ಲಿ ಹೊಸ ಪ್ರಸಂಗ ಬರೆಯುವವರು ಹಳೇ ಪದ್ಯವೊಂದರ ಮಟ್ಟು ಹಿಡಿದು ಹೊಸ ಪದ್ಯ ಕಟ್ಟುತ್ತಾರೆ. ತಾಳ ಅದೇ, ನಡೆ ಅದೇ, ಕಥೆ ಬೇರೆ, ಮಾತು ಬೇರೆ. ಭಾಗವತರಿಗೆ ಮಟ್ಟು ಹೇಳಿದರೆ ಸಾಕು, ಹಿಡಿದುಬಿಡುತ್ತಾರೆ. ಕಂಪನಿ ನಾಟಕದ ಹಳೇ ಹಾಡಿನ ಪುಸ್ತಕಗಳಲ್ಲೂ ಹಾಡಿನ ತಲೆಯ ಮೇಲೆ ಇಂಥ ಹಾಡಿನ ಮಟ್ಟು ಅಂತ ಅಚ್ಚಾಗಿರುತ್ತಿತ್ತು. ಅದನ್ನು ಯಾರೂ ನಕಲು ಅನ್ನಲಿಲ್ಲ. ನಿಮ್ಮ ಮ್ಯಾಕ್‌ಡೊನಾಲ್ಡ್ ಮಾಡಿದ್ದು ಇದನ್ನೇ ಅಲ್ವಾ? ಹಳೇ ಹೋಲ್‌ನ ಮಟ್ಟಿಗೆ ಹೊಸ ನೆಲ ಕೂರಿಸಿದರು.

(ನಮ್ಮ ಕಡೆ ಮಟ್ಟು ಅಂದ ಕೂಡಲೇ ಗುಳ್ಳ ಬದನೆ ನೆನಪಾಗುತ್ತದೆ. ಆ ಮಟ್ಟು ಊರಿನ ಹೆಸರು, ಇದಕ್ಕೆ ಸಂಬಂಧ ಇಲ್ಲ.)

ಮೈಸೂರಿನಿಂದ:

ಮಟ್ಟು ಒಳ್ಳೆಯ ಪದ. ಒಪ್ಪಿದೆ. ಆದರೆ ಗಾಲ್ಫ್ ಲೇಖನದಲ್ಲಿ ‘ಮಟ್ಟ’ ಅನ್ನೋದೂ ಸಾಲು ಸಾಲಿಗೆ ಬರುತ್ತದೆ, ನೆಲ ಮಟ್ಟವಾಗಿದೆ, ಮಟ್ಟವಾಗಿಲ್ಲ ಅಂತ. ಮುದ್ರಣದಲ್ಲಿ ಒಂದು ಕೊಂಬು ಹಾರಿದರೆ ಅರ್ಥ ಹಾಳು. ಅದೂ ಅಲ್ಲದೆ ‘ಮಟ್ಟಿಗೆ’ ಅಂದರೆ ಎಲ್ಲರಿಗೂ ‘ನನ್ನ ಮಟ್ಟಿಗೆ’ ಅನ್ನೋದೇ ಹೊಳೆಯುವುದು. ಉಡುಪಿಯವರ ಕೊನೆಯ ವಾಕ್ಯವನ್ನು ನಾನೇ ಎರಡು ಸಲ ಓದಿದೆ.

ಕೊತ್ತಲದ ವಿಚಾರಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಹೆಸರುಗಳನ್ನೆಲ್ಲ ಇಂಗ್ಲಿಷ್‌ನಲ್ಲೇ ಬಿಟ್ಟು ಒಂದು ಮಟ್ಟು ಅಂಟಿಸಿದರೆ ಅದು ಕನ್ನಡ ಲೇಖನವೇ?

ಬೀದರ್‌ನಿಂದ:

ರೆಡಾನ್ ಇಂಗ್ಲಿಷ್ ಅಲ್ಲ ಸಾರ್, ಫ್ರೆಂಚ್. ಹಲ್ಲು ಅನ್ನುವ ಮೂಲದಿಂದ ಬಂದ ಪದ. ಕೋಟೆಯ ಗೋಡೆಯಿಂದ ಶತ್ರುವಿನ ಕಡೆಗೆ ಚೂಪಾಗಿ ಚಾಚಿದ ಎರಡು ಮುಖದ ಕಟ್ಟು, ಹಿಂದುಗಡೆ ತೆರೆದಿರುತ್ತದೆ. ಗಾಲ್ಫ್‌ಗೆ ಈ ಹೆಸರು ಬಂದದ್ದು ಕ್ರೈಮಿಯಾ ಯುದ್ಧದಿಂದ. ಸೆವಾಸ್ಟಪೋಲ್‌ನ ರೆಡಾನ್ ಮೇಲೆ 1855ರ ಜೂನ್‌ನಲ್ಲಿ ಬ್ರಿಟಿಷರು ನುಗ್ಗಿ ಸೋತರು, ಸೆಪ್ಟೆಂಬರ್‌ನಲ್ಲಿ ಮತ್ತೆ ನುಗ್ಗಿ ಮತ್ತೆ ಸೋತರು. ಆ ನೆನಪು ಆ ಹೆಸರಿನಲ್ಲಿದೆ. ಕೊತ್ತಲ ಅಂದ ಕೂಡಲೇ ಆ ನೆನಪು ಹೋಗುತ್ತದೆ, ಆಕಾರವೂ ಹೋಗುತ್ತದೆ. ನಮ್ಮ ಬೀದರ್ ಕೋಟೆಗೆ ಬನ್ನಿ, ತೋರಿಸುತ್ತೇನೆ. ಅಲ್ಲಿರುವುದನ್ನು ನಾವು ಬುರುಜು ಅನ್ನುತ್ತೇವೆ, ಅದು ಅರಬ್ಬಿ ಪದ. ಅದು ಕನ್ನಡ ಅಲ್ಲ ಅಂತ ನಮ್ಮೂರಲ್ಲಿ ಹೇಳಿ ನೋಡಿ. ಅಲಮಾರು ಪೋರ್ಚುಗೀಸರಿಂದ ಬಂತು, ಮೇಜು, ಕಚೇರಿ ಕೂಡ ಹೊರಗಿಂದ ಬಂದವೇ. ಇದರಿಂದ ಕನ್ನಡಕ್ಕೆ ಏನು ಕಡಿಮೆಯಾಯಿತು?

ಮೈಸೂರಿನಿಂದ:

ಬುರುಜು ಬಾಯಿಂದ ಬಾಯಿಗೆ ಸವೆದು ಬಂದ ಪದ. ರೆಡಾನ್ ನಾಲ್ಕು ಜನ ಕ್ಲಬ್ಬಿನಲ್ಲಿ ಆಡುವ ಪದ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಬಂದದ್ದನ್ನೆಲ್ಲ ಒಳಗೆ ಬಿಟ್ಟರೆ ನಾಳೆ ಕ್ರಿಯಾಪದ ಮಾತ್ರ ನಮ್ಮದು ಉಳಿಯುತ್ತದೆ.

ಬೆಂಗಳೂರಿನಿಂದ:

‘ಗಾಲ್ಫ್’ ಅನ್ನೂ ಬದಲಾಯಿಸುತ್ತೀರಾ? 1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಈ ಆಟ ನಿಷೇಧಿಸಿದಾಗಲೂ ಇದೇ ಹೆಸರು ಇತ್ತು. ರೆಡಾನ್, ಬಿಯರಿಟ್ಜ್ ಊರಿನ ಹೆಸರಿದ್ದ ಹಾಗೆ. ಹೆಸರನ್ನು ಅನುವಾದ ಮಾಡಬಾರದು. ಬಿಯರಿಟ್ಜ್ ಫ್ರಾನ್ಸಿನ ಊರೇ.

ಮ್ಯಾಡಿಸನ್‌ನಿಂದ:

ಈ ಜಗಳ ಮುಂದುವರಿಯಲಿ, ನಾನು ಓದುತ್ತೇನೆ. ಆದರೆ ಲೇಖನ ಕಳಿಸಬೇಕು. ಹೀಗೆ ತೀರ್ಮಾನ ಮಾಡಿದ್ದೇನೆ.

ಹೆಸರುಗಳು ಹಾಗೇ ಇರುತ್ತವೆ. ಪ್ರತಿಯೊಂದೂ ಮೊದಲ ಸಲ ಬರುವಾಗ ಅದು ಏನು ಅಂತ ಒಂದು ಸಾಲಿನಲ್ಲಿ ಬಿಡಿಸಿ ಹೇಳುತ್ತೇನೆ. ಬಿಯರಿಟ್ಜ್ ಅಂದರೆ ಗ್ರೀನ್‌ನ ನಡುವೆ ಅಡ್ಡಕ್ಕೆ ದೊಡ್ಡ ತಗ್ಗು. ಆಲ್ಪ್ಸ್ ಅಂದರೆ ಗುಡ್ಡದ ಆಚೆ ಗ್ರೀನ್, ಎಲ್ಲಿದೆ ಅಂತ ಕಾಣದೇ ಹೊಡೆಯಬೇಕು. ಮೈಸೂರಿನವರ ಬೋಗುಣಿ ಮಾತ್ರ ಬಿಡಲಾರೆ. ಪಂಚ್‌ಬೋಲ್ ಗ್ರೀನ್ ನಿಜವಾಗಿಯೂ ಬೋಗುಣಿಯ ತಳದಲ್ಲೇ ಇರುತ್ತದೆ, ಸುತ್ತಲಿನ ಏರಿಗೆ ಬಿದ್ದ ಚೆಂಡು ಒಳಗೆ ಉರುಳಿ ಬರುತ್ತದೆ. ಬೋಗುಣಿ ಅಂದ ತಕ್ಷಣ ಕಣ್ಣಿಗೆ ಕಟ್ಟುತ್ತದೆ. ಕೊತ್ತಲ ಅಂದರೆ ನನಗೆ ಹಾಗೆ ಕಟ್ಟುವುದಿಲ್ಲ.

ಟೆಂಪ್ಲೇಟ್‌ಗೆ ‘ಮಟ್ಟು’. ಆದರೆ ‘ಮಟ್ಟಿಗೆ’ ಅಂತ ಎಲ್ಲೂ ಬರೆಯುವುದಿಲ್ಲ. ‘ರೆಡಾನ್ ಮಟ್ಟಿನ ಹೋಲ್’ ಅಂತ ಷಷ್ಠಿಯಲ್ಲೇ ಇಡುತ್ತೇನೆ, ಆಗ ಮಟ್ಟದ ಜೊತೆ ಗೊಂದಲ ಇಲ್ಲ. ನೆಲಕ್ಕೆ ‘ಸಮ’ ಅನ್ನುತ್ತೇನೆ.

ಇನ್ನೊಂದು ವಿಷಯ ಹೇಳಬೇಕು. ‘ಪಡಿಯಚ್ಚು’ ಅನ್ನು ನಾನು ಬಿಸಾಡುತ್ತಿಲ್ಲ. ಅದಕ್ಕೆ ಬೇರೆ ಜಾಗ ಸಿಕ್ಕಿತು. ಮೂಲ ಲೀಡೊ ಇದ್ದದ್ದು ಲಾಂಗ್ ಐಲೆಂಡಿನಲ್ಲಿ. ಮ್ಯಾಕ್‌ಡೊನಾಲ್ಡ್ ಮತ್ತು ರೇನರ್ ಜೌಗು ನೆಲಕ್ಕೆ ಮರಳು ತುಂಬಿಸಿ 1917ರಲ್ಲಿ ಮುಗಿಸಿದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಜಾಗ ನೌಕಾಪಡೆಗೆ ಹೋಯಿತು, ಮೈದಾನ ಅಳಿಸಿಹೋಯಿತು. ಪೀಟರ್ ಫ್ಲೋರಿ ಅನ್ನುವವರು ಹಳೇ ಫೋಟೋಗಳನ್ನು ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಪೂರ್ತಿ ಮೈದಾನವನ್ನು ಎಬ್ಬಿಸಿದರು. ಮೈದಾನ ವಿನ್ಯಾಸಕ ಟಾಮ್ ಡೋಕ್ ಆ ನಕ್ಷೆಯನ್ನು ಜಿಪಿಎಸ್ ಇರುವ ಬುಲ್ಡೋಜರುಗಳಿಗೆ ಕೊಟ್ಟು ವಿಸ್ಕಾನ್ಸಿನ್‌ನ ಸ್ಯಾಂಡ್ ವ್ಯಾಲಿಯಲ್ಲಿ ಉಬ್ಬು ತಗ್ಗು ಸಮೇತ ಹಾಗೇ ಕಟ್ಟಿದರು. 2023ರಲ್ಲಿ ಶುರುವಾಯಿತು. ಸಮುದ್ರ ಮಾತ್ರ ಇಲ್ಲ. ಇದು ಪಡಿಯಚ್ಚು. ಅದೇ ಡೋಕ್, ಜಿಮ್ ಅರ್ಬಿನಾ ಜೊತೆ ಒರೆಗಾನ್‌ನ ಬ್ಯಾಂಡನ್ ಡ್ಯೂನ್ಸ್‌ನಲ್ಲಿ 2010ರಲ್ಲಿ ಮುಗಿಸಿದ ಓಲ್ಡ್ ಮ್ಯಾಕ್‌ಡೊನಾಲ್ಡ್ ಮೈದಾನ ಹಾಗಲ್ಲ. ಅಲ್ಲಿ ಹಳೇ ಹೋಲ್‌ಗಳ ಗುಣ ಹಿಡಿದು, ಆ ಕಡಲ ದಂಡೆಯ ದಿಬ್ಬಗಳಿಗೆ ಒಗ್ಗುವ ಹಾಗೆ ಹೊಸದಾಗಿ ಕಟ್ಟಿದ್ದಾರೆ. ಅದು ಮಟ್ಟು.

ಹಾಗಾಗಿ ಲೇಖನದ ಮೊದಲ ಸಾಲು ಹೀಗಾಯಿತು: “ವಿಸ್ಕಾನ್ಸಿನ್‌ನ ಲೀಡೊ ಒಂದು ಕಳೆದುಹೋದ ಮೈದಾನದ ಪಡಿಯಚ್ಚು, ಆ ಕಳೆದುಹೋದ ಮೈದಾನದ ಎಷ್ಟೋ ಹೋಲ್‌ಗಳು ಸ್ಕಾಟ್ಲೆಂಡಿನ ಹಳೇ ಮಟ್ಟುಗಳಲ್ಲಿ ಕಟ್ಟಿದವು.” ಇವತ್ತು ಬೆಳಗ್ಗೆ ಸಂಪಾದಕರಿಗೆ ಕಳಿಸಿದೆ. ‘ಮಟ್ಟು’ಗೆ ಅಡಿಟಿಪ್ಪಣಿ ಬೇಕು ಅಂದರು. ಉಡುಪಿಯವರ ಭಾಗವತರ ಉದಾಹರಣೆಯನ್ನು ಹಾಕಿಕೊಳ್ಳಬಹುದೇ, ಸಾರ್?

ಉಡುಪಿಯಿಂದ:

ಹಾಕಿಕೊಳ್ಳಿ. ‘ಮಟ್ಟಿಗೆ’ ಬರೆದದ್ದು ನನ್ನದೇ ತಪ್ಪು.