ಅಪ್‌ಡೇಟ್: ಇಂಗ್ಲಿಷ್ ಪದ ಬಾಯಿಗೆ ಬರುತ್ತಿಲ್ಲ ಅಂತ ಕೇಳಿದ್ದೆನಲ್ಲ

ಪದ, ಅರ್ಥ ಅಂತ ಪುಟಗಟ್ಟಲೆ ಬರೆದು ಉರು ಹೊಡೆದರೂ ಮಾತಾಡುವಾಗ ಒಂದೂ ನೆನಪಾಗುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ವಾಕ್ಯದಲ್ಲಿ ಕಲಿಯಿರಿ ಅಂದವರಿಗೆಲ್ಲ ಥ್ಯಾಂಕ್ಸ್, ಪರವಾಗಿಲ್ಲ, ಈಗ ಉಳಿಯುತ್ತಿವೆ.

ಪುಸ್ತಕದ ಉದಾಹರಣೆಗಳನ್ನು ಬಿಟ್ಟು ನಮ್ಮ ಮಂಡ್ಯದ್ದೇ ವಾಕ್ಯ ಬರೆಯುತ್ತಿದ್ದೇನೆ. 'ರಿಲೀಸ್' ಅಂದರೆ 'ದೇ ರಿಲೀಸ್ಡ್ ವಾಟರ್ ಇಂಟು ದ ಕೆನಾಲ್'. ಕೆಆರ್‌ಎಸ್ ಅಣೆಕಟ್ಟೆಯಿಂದ ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟರಾ ಅಂತ ಮನೆಯಲ್ಲಿ ದಿನಾ ಕೇಳುವವರು ಇದನ್ನು ಮರೆಯೋಕಾಗುತ್ತಾ?

ಇನ್ನೊಂದು ಲಾಭ, ಯಾವ ಪದದ ಜೊತೆ ಯಾವುದು ಬರುತ್ತೆ ಅಂತ ಗೊತ್ತಾಗುತ್ತೆ. ಟೀ ಆದರೆ ಸ್ಟ್ರಾಂಗ್, ಮಳೆಯಾದರೆ ಹೆವಿ. 'ಡಿಸ್ಕಸ್' ಮುಂದೆ 'ಅಬೌಟ್' ಬೇಡ, ಸುಮ್ನೆ 'ವಿ ಡಿಸ್ಕಸ್ಡ್ ದ ಪ್ರೈಸ್' ಅಂದರೆ ಸಾಕು. ಬರೀ ಅರ್ಥ ನೋಡಿದ್ದರೆ ಇದೆಲ್ಲ ಎಲ್ಲಿ ತಿಳಿಯುತ್ತಿತ್ತು, ಅಲ್ವಾ?

ಬರೆದದ್ದನ್ನು ಮಾರನೇ ದಿನ ಒಮ್ಮೆ, ಆಮೇಲೆ ವಾರ ಬಿಟ್ಟು ಅರ್ಥ ಮುಚ್ಚಿಟ್ಟು ನೋಡುತ್ತೇನೆ. ಓದಿದ್ದು ಮೊದಲ ದಿನವೇ ಜಾಸ್ತಿ ಮರೆಯುತ್ತೆ ಅಂತ ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದರಂತೆ, ನಮ್ಮ ಮೇಷ್ಟ್ರುಗಳು ಹೇಳಲೇ ಇಲ್ಲ ನೋಡಿ.

ಉಚ್ಚಾರಣೆ ಮಾತ್ರ ಇನ್ನೂ ಹಾಗೇ ಇದೆ. ಅದನ್ನು ಬೇರೆ ಪ್ರಶ್ನೆಯಾಗಿ ಕೇಳುತ್ತೇನೆ.